ಜಾಹೀರಾತು ಒತ್ತಿದವರು

ಕ್ಷೌರದಂಗಡಿಯ ಕಂಪ್ಯೂಟರಿನಲ್ಲಿ ಈಗ ತಮ್ಮ ವಿಡಿಯೊ ಒಂದೇ ಒಂದು ಜಾಹೀರಾತೂ ಇಲ್ಲದೆ ಓಡುತ್ತದೆ ಎಂಬ ಸುದ್ದಿಯನ್ನು ಮಾವ ಊಟದ ಮೇಜಿಗೆ ತಂದದ್ದು ಎಲ್ಲೋ ಬಹುಮಾನ ಗೆದ್ದು ಬಂದವರ ಹಾಗೆ. ಕುರ್ಚಿ ಎಳೆದುಕೊಂಡು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ಮಗ ಬಂದು ಅದೇನೋ ತಡೆ ಹಾಕಿಕೊಟ್ಟನೆಂದೂ, ಹಾಕಿದ ಮೇಲೆ ತಾವು ಕಾಲರ್ ಬಿಚ್ಚಿದಲ್ಲಿಂದ ತಿರುಗಿಸಿ ಹೊಲಿಯುವವರೆಗೂ ನಡುವೆ ಒಬ್ಬ ನರಪಿಳ್ಳೆಯೂ ಬಂದು ಕೂದಲೆಣ್ಣೆ ಮಾರಲಿಲ್ಲವೆಂದೂ, ಮುಖಕ್ಕೆ ಸೋಪು ಬಳಿಸಿಕೊಂಡವರು ಕೂಡ ಕತ್ತು ಹೊರಳಿಸಿ ನೋಡಿದರೆಂದೂ ಹೇಳಿದರು. ಪಾರ್ಕಿನ ಬೆಂಚಿನಲ್ಲಿ ಕೂರುವ ಗೆಳೆಯರ ಮನೆಗಳಿಗೂ ಮಗನನ್ನು ಕರೆದೊಯ್ದು ಹಾಕಿಸುವುದಾಗಿ ಮಾತು ಕೊಟ್ಟು ಬಂದಿದ್ದರು.

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಗಂಡನ ಮುಖ ನೋಡಿದಳು. ಅವನು ಬೇಳೆಯಲ್ಲಿ ಬ್ರೆಡ್ಡು ಅದ್ದುತ್ತ, ಲೋಕದಲ್ಲಿ ಬ್ರೆಡ್ಡಿಗಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎನ್ನುವಂತೆ ಕೂತಿದ್ದ.

ಆ ಮನೆಯಲ್ಲಿ ವಿಡಿಯೊ ಕೆಲಸ ಶುರುವಾದದ್ದು ಯಾರ ಆಸೆಯಿಂದಲೂ ಅಲ್ಲ. ಮಾವ ಟೈಲರ್. ಸವೆದು ನಾರು ಬಿಟ್ಟ ಕಾಲರನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ, ಹೊಸದರಂತೆ ಕೂರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಬೀದಿಗೆಲ್ಲ ಅವರು ಕಾಲರ್ ಮಾಸ್ತರ್. ಆದರೆ ಹೊಸ ಅಂಗಿಯೇ ಅಗ್ಗಕ್ಕೆ ಬಿದ್ದಿರುವಾಗ ಹಳೆಯದರ ಕಾಲರ್ ತಿರುಗಿಸುವ ಹುಚ್ಚು ಯಾರಿಗಿದೆ? ಅಂಗಡಿ ಮುಚ್ಚಿತು. ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಅಲ್ಲಿಯ ನೂಲಿನ ಧೂಳು ಎದೆಗಿಳಿದು, ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕೂರುವಂತಾದಾಗ, ಮತ್ತೆ ಆ ಧೂಳಿಗೆ ಹೋದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹೀಗೆ ಇಬ್ಬರು ಕೆಲಸ ಕಳೆದುಕೊಂಡವರು ಮುಂದಿನ ಕೋಣೆಯಲ್ಲಿ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದ ಒಂದು ದಿನ, ಮಾವ ಹೊತ್ತು ಹೋಗದೆ ಮಗನ ಅಂಗಿಯ ಕಾಲರ್ ಬಿಚ್ಚಿದರು; ಸೊಸೆ ಹೊತ್ತು ಹೋಗದೆ ಅದನ್ನು ಫೋನಿನಲ್ಲಿ ಹಿಡಿದಳು. ಮಾವನ ಕೈ, ಅವಳ ಮಾತು. ನೋಡುವವರು ಬಂದರು. ತಿಂಗಳುಗಳು ಕಳೆದ ಮೇಲೆ ದುಡ್ಡೂ ಬರತೊಡಗಿತು. ಅತ್ತೆಯ ಸಂಬಳ, ಗಂಡನ ಕಂಪ್ಯೂಟರ್ ರಿಪೇರಿ ಅಂಗಡಿಯ ಗಳಿಕೆ, ಇದು. ಮೂರೂ ಸೇರಿದರೆ ತಿಂಗಳು ದಾಟುತ್ತಿತ್ತು. ಒಂದು ಕಳಚಿದರೆ ದಾಟುತ್ತಿರಲಿಲ್ಲ. ಕಳಚಿದರೆ ಅವಳು ಮತ್ತೆ ಕಾರ್ಖಾನೆಗೆ ಹೋಗಬೇಕು. ಇದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಿದ್ದ ಮಾತು.

ಊಟ ಮುಗಿಯುವವರೆಗೆ ಅವಳು ಕಾದಳು. ಗಂಡ ತಟ್ಟೆ ಇಡಲು ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಬಂದಾಗ ಹಿಡಿದಳು.

"ನಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ತಿದೀರಲ್ಲ, ತಲೆ ಸರಿಯಾಗಿದೆ ತಾನೆ?"

"ಅಪ್ಪ ಬಂದು ನಿಂತ್ರು. ಅಷ್ಟು ಜನ ಇದ್ರು. ಅವರ ಮುಂದೆ ಏನಂತ ಹೇಳ್ಲಿ?"

ಹೇಳುವುದಕ್ಕೆ ಏನು ಕಷ್ಟವಿತ್ತು ಎಂದಳು ಅವಳು. ನೋಡುವವರು ಯಾರೂ ಒಂದು ಕಾಸೂ ಕೊಡುವುದಿಲ್ಲ. ನಡುವೆ ಜಾಹೀರಾತು ಹಾಕುವವನು ವಿಡಿಯೊ ಕಂಪನಿಗೆ ಕೊಡುತ್ತಾನೆ, ಕಂಪನಿ ಅದರಲ್ಲಿ ಒಂದು ಪಾಲು ಇವಳ ಕೈಗೆ ಹಾಕುತ್ತದೆ. ಜಾಹೀರಾತೇ ಕಾಣದಂತೆ ತಡೆ ಹಾಕಿ ಕೂತರೆ ಊರಿಗೂರೇ ನೋಡಿದರೂ ಸೊನ್ನೆ. ಇದನ್ನು ಅಪ್ಪನಿಗೆ ಬಿಡಿಸಿ ಹೇಳಲು ಬಾಯಿಲ್ಲದ ಮಗ ಇವನು.

ಆಗ ಹೊರಬಿದ್ದದ್ದು ಇನ್ನೊಂದು ಸಂಗತಿ. ಕ್ಷೌರದಂಗಡಿ ಒಂದೇ ಅಲ್ಲ, ರಿಪೇರಿಗೆ ಬಂದ ಪ್ರತಿ ಕಂಪ್ಯೂಟರಿಗೂ ಅವನು ಅದನ್ನು ಹಾಕಿಯೇ ಕಳಿಸುತ್ತಾನಂತೆ. ಗಿರಾಕಿಗಳು ಮೊದಲು ಕೇಳುವುದೇ ಅದನ್ನಂತೆ. ಎದುರು ಸಾಲಿನ ಅಂಗಡಿಯವನು ಪುಕ್ಕಟೆ ಹಾಕಿಕೊಡುತ್ತಾನೆ. ಇವನು ಹಾಕದಿದ್ದರೆ ಅವರು ರಸ್ತೆ ದಾಟುತ್ತಾರೆ, ಅಷ್ಟೇ. ನಿನ್ನ ಚಾನೆಲ್ ಉಳಿಸಲು ನನ್ನ ಅಂಗಡಿಗೆ ಬಾಗಿಲು ಹಾಕಲೇ ಎಂದು ಕೇಳಿದ. ಕೇಳಿದ್ದು ನ್ಯಾಯವೇ. ಆದರೆ ಅಷ್ಟಕ್ಕೆ ಬಿಡದೆ ಒಂದು ಹೆಜ್ಜೆ ಮುಂದೆ ಹೋದ.

"ಹೊಲಿಗೆ ಮಷೀನು ಬಿಚ್ಚಿ ತೋರಿಸೋ ಆ ಮುದುಕಿ ವಿಡಿಯೊ ದಿನಾ ನೋಡ್ತೀಯಲ್ಲ, ಒಂದಾದ್ರೂ ಜಾಹೀರಾತು ಬಂದಿದೆಯಾ ನಿನಗೆ? ನಿನ್ನ ಕಂಪ್ಯೂಟರಿಗೆ ತಡೆ ಹಾಕಿಕೊಟ್ಟೋನು ನಾನೇ. ಅವತ್ತು ಪೀಡೆ ತೊಲಗಿತು ಅಂದೆ ನೀನು."

ಅವಳು ತಿರುಗಿ ಪಾತ್ರೆಯ ತಳ ಉಜ್ಜತೊಡಗಿದಳು. ಆ ಮುದುಕಿಗೂ ಎಲ್ಲೋ ಒಂದು ತೊಟ್ಟಿ ಇರುತ್ತದೆ, ಅಲ್ಲೂ ತಳ ಹಿಡಿದ ಪಾತ್ರೆ ಇರುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಮರುದಿನ ತನ್ನ ಕಂಪ್ಯೂಟರಿನ ತಡೆ ತೆಗೆದಳು. ಮುದುಕಿಯ ವಿಡಿಯೊದ ನಡುವೆ ಯಾರೋ ಬಂದು ಹಾಸಿಗೆ ಮಾರಿದರು. ಸೈರಿಸಿಕೊಂಡು ಕೂತಳು.

ಗೋಡೆ ತೆಳು. ತೊಟ್ಟಿಯ ಹತ್ತಿರ ಆಡಿದ್ದೆಲ್ಲ ಆಚೆ ಕೋಣೆಗೆ ಹೋಗಿತ್ತು. ಬೆಳಿಗ್ಗೆ ಮಾವ ಚಹಾ ಲೋಟ ಮುಂದಿಟ್ಟುಕೊಂಡು, ಮುಟ್ಟದೆ, ಅವಳನ್ನು ಕರೆದು ಕೂರಿಸಿದರು.

"ಹಾಗಾದ್ರೆ ಕಂಪನಿಯೋರು ಕೊಡೋದು ನನ್ನ ಕೆಲಸಕ್ಕಲ್ಲ."

"ನಿಮ್ಮ ಕೆಲಸ ನೋಡೋಕೇ ಮಾವ ಜನ ಬರೋದು."

"ಬರೋದು ಕೆಲಸ ನೋಡೋಕೆ. ದುಡ್ಡು ಕೂದಲೆಣ್ಣೆಗೆ."

ಇದಕ್ಕೆ ಅವಳು ಏನು ಹೇಳಿದರೂ ಅವರ ಮುಖ ಅರಳಲಿಲ್ಲ. ಆಮೇಲೆ ಕೆಲವು ದಿನ ಚಿತ್ರೀಕರಣವಿಲ್ಲ. ಬಿಚ್ಚಿಟ್ಟ ಕಾಲರು ಕತ್ತರಿಯ ಕೆಳಗೆ ಹಾಗೇ ಬಿದ್ದಿತ್ತು. ಮಾವ ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತರು, ಪಾರ್ಕಿಗೆ ಹೋದರು, ಬಂದರು, ಮತ್ತೆ ಕಿಟಕಿ. ಅತ್ತೆ ಆಸ್ಪತ್ರೆಯ ಅಡಿಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದವಳು, ಬಕೆಟ್ಟಿನ ಬಿಸಿನೀರಿಗೆ ಊದಿದ ಕಾಲು ಇಳಿಬಿಟ್ಟು, ಗಂಡನ ಬೆನ್ನು ನೋಡಿ ನೋಡಿ ಸಾಕಾಗಿ ಬಾಯಿಬಿಟ್ಟಳು. ಇಷ್ಟು ವರ್ಷ ಮೂಟೆಗಟ್ಟಲೆ ಎಲೆಕೋಸು ಹೆಚ್ಚಿದ್ದೇನೆ, ಒಬ್ಬ ರೋಗಿಯಾದರೂ ಎದ್ದು ಬಂದು ತಾಯಿ ಎಷ್ಟು ಚೆನ್ನಾಗಿ ಹೆಚ್ಚಿದೆ ಅಂದದ್ದುಂಟೇ, ಸಂಬಳ ಬರುತ್ತದೆ ತೆಗೆದುಕೊಳ್ಳುತ್ತೇನೆ. ನಿಮಗೊಬ್ಬರಿಗೆ ಹಾರ ಬೇಕು, ತುರಾಯಿ ಬೇಕು ಎಂದಳು. ಮಾವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆದರೆ ಮಾತು ಎಲ್ಲೋ ತಾಗಿರಬೇಕು. ಮರುದಿನ ಬೆಳಿಗ್ಗೆ ಕನ್ನಡಕ ಒರೆಸಿಕೊಂಡು ಕೂತು ಕಾಲರ್ ಮುಗಿಸಿದರು. ಸಂಜೆ ಕ್ಷೌರದಂಗಡಿಗೆ ಹೋಗಿ ತಡೆ ತೆಗೆಸಿ ಬಂದರು. ಬೆಂಚಿನ ಗೆಳೆಯರ ಮನೆಗಳಿಗೆ ಮಗನನ್ನು ಅಟ್ಟಿ ಅಲ್ಲಿಯದನ್ನೂ ತೆಗೆಸಿದರು. ಸೊಸೆಗೆ ಪಾಪ ಅನ್ನಿಸಿತು. ಸಮಾಧಾನವೂ ಆಯಿತು.

ಮಾವ ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ತಿಂಗಳು ಗಳಿಕೆ ಏರಿತು. ಮೊದಲು ಸ್ವಲ್ಪ, ಆಮೇಲೆ ಚೆನ್ನಾಗಿಯೇ. ಜಿಪ್ಪು ಬದಲಿಸುವ ವಿಡಿಯೊ ಜನಕ್ಕೆ ಹಿಡಿಸಿದೆ ಎಂದು ಸೊಸೆ ಅಂದುಕೊಂಡಳು. ಆ ಗುಂಗಿನಲ್ಲಿ ಇನ್ನೂ ಎರಡು ಜಿಪ್ಪಿನ ವಿಡಿಯೊ ಮಾಡಿದಳು. ಒಂದು ದಿನ ಎಲ್ಲರಿಗೂ ಮೊಟ್ಟೆ ಹುರಿದಳು, ತಲೆಗೆ ಎರಡೆರಡು. ಮನೆಯಲ್ಲಿ ಒಂಥರಾ ಹಗುರವಿತ್ತು. ಮಾವ ಶಿಳ್ಳೆ ಹಾಕುತ್ತ ಇಸ್ತ್ರಿ ಮಾಡುತ್ತಿದ್ದರು. ಅತ್ತೆ ಆಲೂಗಡ್ಡೆ ಹೆಚ್ಚುವಾಗಲೂ ಫೋನನ್ನು ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಚಾಕುವಿನ ಕೈ ಬಿಡುವು ಮಾಡಿಕೊಂಡು, ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಏನತ್ತೆ ಅದು ಎಂದು ಸೊಸೆ ಒಮ್ಮೆ ಕೇಳಿದಳು. ಏನೋ ಟೈರಂತೆ ಎಂದಳು ಅತ್ತೆ. ಈ ವಯಸ್ಸಿನಲ್ಲಿ ಅತ್ತೆಗೆ ಟೈರು ಯಾಕೆ ಎಂದು ಸೊಸೆಗೆ ಹೊಳೆಯಲಿಲ್ಲ. ದಣಿದವರಿಗೆ ಎಲ್ಲವೂ ಹೊಳೆಯುವುದಿಲ್ಲ.

ಆಮೇಲೆ ಕಂಪನಿಯಿಂದ ಸಂದೇಶ ಬಂತು. ಕೊಳ್ಳುವ ಮನಸ್ಸಿಲ್ಲದವರು ನಿಮ್ಮ ವಿಡಿಯೊಗಳ ಜಾಹೀರಾತುಗಳನ್ನು ಪದೇ ಪದೇ ಒತ್ತಿರುವುದು ಕಂಡುಬಂದಿದೆ, ಆದ್ದರಿಂದ ನಿಮ್ಮ ಚಾನೆಲಿಗೆ ಜಾಹೀರಾತು ನಿಲ್ಲಿಸಲಾಗಿದೆ, ಈ ತಿಂಗಳ ಗಳಿಕೆಯನ್ನು ಜಾಹೀರಾತುದಾರರಿಗೆ ಹಿಂದಿರುಗಿಸಲಾಗುವುದು. ಅವಳು ಚಪ್ಪಲಿ ಸಿಕ್ಕಿಸಿಕೊಂಡು ಗಂಡನ ಅಂಗಡಿಗೆ ಓಡಿದಳು. ಓಡಿದ್ದಕ್ಕೆ ಕೆಮ್ಮು ಹತ್ತಿತು. ಅವನು ಯಾರದೋ ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಸ್ಕ್ರೂಗಳನ್ನು ಬಾಟಲಿಯ ಮುಚ್ಚಳದಲ್ಲಿ ಹಾಕಿ ಪಕ್ಕಕ್ಕಿಟ್ಟು ಫೋನು ಇಸಿದುಕೊಂಡ. ಎರಡು ಸಲ ಓದಿದ. ಇದು ಯಾರೋ ಹೊಟ್ಟೆಕಿಚ್ಚಿನವರು ಮಾಡಿದ್ದು, ಆ ಇನ್ನೊಂದು ಟೈಲರಿಂಗ್ ಚಾನೆಲಿನವಳೇ ಇರಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. ಅವನು ಚಾನೆಲಿನ ಅಂಕಿಗಳನ್ನು ಬಿಚ್ಚಿ ನೋಡುತ್ತ ಹೋದ. ನೋಡಿದವರು ಹೆಚ್ಚಾಗಿಯೇ ಇರಲಿಲ್ಲ. ಒತ್ತಿದ್ದು ಮಾತ್ರ ಮಿತಿಮೀರಿತ್ತು. ಅದೂ ಎಲ್ಲ ಒಂದೇ ಕಡೆಯಿಂದ.

"ಹೊಟ್ಟೆಕಿಚ್ಚಿನೋರಲ್ಲ," ಅಂದ. "ಇದು ನಮ್ಮ ಬೀದಿ."

ಕ್ಷೌರದಂಗಡಿಗೆ ಇಬ್ಬರೂ ಹೋದರು. ಸರದಿಗೆ ಕಾದವರು ಗೋಡೆಯ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಫೋನು, ಫೋನಿನಲ್ಲಿ ಮಾವನ ಕೈ. ಜಾಹೀರಾತು ಬಂದ ಕೂಡಲೇ ಬೆರಳು ಇಳಿಯುತ್ತಿತ್ತು, ಯಾವುದೋ ಅಂಗಡಿಯ ಪುಟ ತೆರೆಯುತ್ತಿತ್ತು, ಅವರು ಅದನ್ನು ಮುಚ್ಚಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಕ್ಷೌರದವನು ಕತ್ತರಿ ಆಡಿಸುತ್ತಲೇ ಬರಮಾಡಿಕೊಂಡ. ಮಾಸ್ತರ್ ಹೇಳಿದ್ದಾರೆ, ನಮ್ಮ ಅಂಗಡಿಯಲ್ಲಿ ಯಾರೂ ಸುಮ್ಮನೆ ಕೂರುವ ಹಾಗಿಲ್ಲ, ಹೆಚ್ಚು ಒತ್ತಿದವರಿಗೆ ಕ್ಷೌರದ ಮೇಲೆ ಒಂದು ಬಿಸಿ ಟವೆಲು ಪುಕ್ಕಟೆ ಎಂದು ಹೆಮ್ಮೆಯಿಂದ ಹೇಳಿದ. ನಿಮ್ಮಪ್ಪನ ಋಣ ನನ್ನ ಮೇಲಿದೆ, ಮದುವೆಗೆ ಅವರೇ ಕೋಟು ಹೊಲಿದುಕೊಟ್ಟದ್ದು ಎಂದೂ ಸೇರಿಸಿದ. ಅವನನ್ನು ಏನೆಂದು ಬೈಯುವುದು? ಗಂಡ ಬೆಂಚಿನವರಿಗೆಲ್ಲ ಇನ್ನು ಒತ್ತಬೇಡಿ ಎಂದ. ಟವೆಲು ಇಲ್ಲವೇ ಹಾಗಾದರೆ ಎಂದು ಒಬ್ಬ ಕೇಳಿದ.

ಊಟಕ್ಕೆ ಕೂತಾಗ ಮೇಜಿನ ಮೇಲೆ ಎಲೆಕೋಸಿನ ಸೂಪು, ನಿನ್ನೆಯ ಬ್ರೆಡ್ಡು. ಸೊಸೆ ಬಡಿಸಿ, ತಾನು ಕೂರದೆ, ಗೋಡೆಗೆ ಒರಗಿ ನಿಂತು ಸಂದೇಶ ಓದಿ ಹೇಳಿದಳು. ಮಾವ ಚಮಚ ಕೆಳಗಿಡಲಿಲ್ಲ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಒತ್ತಿಸಿದವರು ತಾವೇ ಎಂದು ನಿಧಾನವಾಗಿ, ಇನ್ನೇನು ಶಾಬಾಸ್‌ಗಿರಿ ಬರುತ್ತದೆ ಎನ್ನುವ ಹಾಗೆ ಹೇಳಿದರು. ಅಂಗಡಿಯ ಲೆಕ್ಕಾಚಾರ ಅವರದು. ಗಾಜಿನಾಚೆಯಿಂದ ಬಟ್ಟೆ ನೋಡಿ ಹೋಗುವವನಿಂದ ಅಂಗಡಿಯವನಿಗೆ ಏನು ಬಂತು? ಮೆಟ್ಟಿಲು ಹತ್ತಿ ಒಳಗೆ ಬಂದರೆ ತಾನೆ ಗಿರಾಕಿ? ಹಾಗೆಯೇ ಜಾಹೀರಾತು ಬರೀ ನೋಡಿದರೆ ಸಾಲದು, ಒತ್ತಿ ಒಳಗೆ ಹೋಗಿ ಬರಬೇಕು. ಅದನ್ನೇ ನಾಲ್ಕು ಜನಕ್ಕೆ ಹೇಳಿದ್ದು. ಬೆಂಚಿನ ಗೆಳೆಯರು ದಿನಾ ಸಂಜೆ ಒತ್ತುತ್ತಾರೆ, ಒಬ್ಬರಿಗೆ ಕೈ ನಡುಗುತ್ತದೆ, ಅವರದು ತಾನಾಗಿಯೇ ಎರಡೆರಡು ಬೀಳುತ್ತದೆ.

"ಕೊಳ್ಳೋದಕ್ಕಲ್ಲದೆ ಒತ್ತಿದ್ರೆ ಅದು ಕಳ್ಳತನ ಅಪ್ಪ," ಅಂದ ಮಗ. "ಅವರ ಲೆಕ್ಕದಲ್ಲಿ."

"ಯಾರ ಮನೆಗೆ ಕನ್ನ ಹಾಕಿದೀನಿ ನಾನು?"

"ಒಂದೊಂದು ಸಲ ಒತ್ತಿದಾಗಲೂ ಆ ಟೈರಿನೋನ ಜೇಬಿಂದ ದುಡ್ಡು ಹೋಗುತ್ತೆ."

ಅತ್ತೆ ತಲೆ ಎತ್ತಿದಳು. "ಆ ಟೈರಿನ ಅಂಗಡಿಗೆ ನಾನು ಎಷ್ಟು ಸಲ ಹೋಗಿ ಬಂದಿದೀನಿ ಗೊತ್ತಾ? ಇನ್ನೆರಡು ದಿನ ಬಿಟ್ಟಿದ್ರೆ ಲಾರಿನೇ ಕೊಂಡುಬಿಡ್ತಿದ್ದೆ."

ಯಾರೂ ನಗಲಿಲ್ಲ. ಅತ್ತೆಯೂ ನಗಿಸಲು ಹೇಳಿದ್ದಲ್ಲ. ಕಾಲು ನೋವಿನಲ್ಲಿ ಕೂತು ಕೂತು ಒತ್ತಿದವಳ ಸಂಕಟ ಅದು.

ಸೊಸೆಗೆ ಆಗ ತಡೆಯಲಾಗಲಿಲ್ಲ. ಕೇಳಬಾರದಿತ್ತೇ ಎಂದಳು. ಒಂದು ಮಾತು, ಒಂದೇ ಒಂದು ಮಾತು, ಮಾಡುವ ಮೊದಲು ಕೇಳಬಾರದಿತ್ತೇ? ಮೊದಲು ತಡೆ ಹಾಕಿಸಿದಿರಿ, ಕೇಳಲಿಲ್ಲ. ಆಮೇಲೆ ಒತ್ತಿಸಿದಿರಿ, ಕೇಳಲಿಲ್ಲ. ನಾನು ಈ ಮನೆಯಲ್ಲಿ ಕ್ಯಾಮೆರಾ ಹಿಡಿಯುವ ಕಂಬವೇ? ಹೇಳುತ್ತ ಹೇಳುತ್ತ ಕೆಮ್ಮು ನುಗ್ಗಿ ಮಾತು ಕತ್ತರಿಸಿತು. ಗೋಡೆ ಹಿಡಿದು ಬಗ್ಗಿ ನಿಂತಳು. ಗಂಡ ನೀರು ತಂದ. ಕೆಮ್ಮು ನಿಲ್ಲುವವರೆಗೂ ಮಾವ ಚಮಚ ಹಿಡಿದೇ ಕೂತಿದ್ದರು, ಸೂಪು ಆರಿ ಮೇಲೆ ಕೆನೆಗಟ್ಟಿತು.

"ನಿನಗೆ ಸಹಾಯ ಆಗ್ಲಿ ಅಂತ," ಅಂದರು ಕೊನೆಗೆ. ಅಷ್ಟೇ.

ಕಂಪನಿಗೆ ಮೇಲ್ಮನವಿ ಹಾಕಲು ದಾರಿಯಿತ್ತು. ವಿಡಿಯೊ ಮಾಡಿ ಕಳಿಸಬಹುದು. ಮಾವ ತಾವೇ ಮಾತಾಡುತ್ತೇನೆಂದರು. ತಪ್ಪು ಮಾಡಿದವನು ನಾನು, ಸೊಸೆಗೆ ಗೊತ್ತಿರಲಿಲ್ಲ, ಬೇಕಾದರೆ ನನಗೆ ದಂಡ ಹಾಕಿ ಎಂದು ಕ್ಯಾಮೆರಾದ ಎದುರು ಕೈಕಟ್ಟಿ ನಿಂತು ಹೇಳಿದರು. ಬೇಡವೆಂದರೂ ಎದ್ದು ನಿಂತೇ ಹೇಳಿದರು. ಆ ವಿಡಿಯೊವನ್ನು ಅಲ್ಲಿ ಮನುಷ್ಯರು ನೋಡಿದರೋ ಯಂತ್ರ ನೋಡಿತೋ ದೇವರೇ ಬಲ್ಲ. ಮೊದಲು ಬಂದ ಸಂದೇಶವೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಮತ್ತೆ ಬಂತು. ಕೆಲವು ತಿಂಗಳು ಬಿಟ್ಟು ಹೊಸದಾಗಿ ಅರ್ಜಿ ಹಾಕಬಹುದು ಎಂಬ ಸಾಲು ಮಾತ್ರ ಕೊನೆಗೆ ಸೇರಿತ್ತು. ಕೆಲವು ತಿಂಗಳು ಹೊಟ್ಟೆ ಕಟ್ಟಿಕೊಂಡು ಕೂರುವುದು ಹೇಗೆಂದು ಅದರಲ್ಲಿರಲಿಲ್ಲ.

ಮನೆ ಸಣ್ಣದಾಗತೊಡಗಿತು. ಮೊಟ್ಟೆ ನಿಂತಿತು. ಚಹಾಕ್ಕೆ ಹಾಲು ತೆಳುವಾಯಿತು. ಅತ್ತೆ ಸಂಜೆಯ ಪಾಳಿಯನ್ನೂ ಕೇಳಿ ಪಡೆದು, ಬಂದವಳೇ ಬೂಟು ಬಿಚ್ಚುವ ಮೊದಲೇ ಕುರ್ಚಿಯಲ್ಲಿ ನಿದ್ದೆಹೋಗುತ್ತಿದ್ದಳು. ಗಂಡ ಅಂಗಡಿಯ ಬಾಗಿಲು ತಡವಾಗಿ ಹಾಕತೊಡಗಿದ. ಮನೆಗೆ ಬಂದು ಕೂರುವುದಕ್ಕಿಂತ ಅಲ್ಲಿ ಕೂರುವುದು ಅವನಿಗೆ ಹಗುರವಾಗಿತ್ತು. ಮಾವ ಸಿದ್ಧ ಉಡುಪಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ಪ್ಯಾಂಟಿನ ಉದ್ದ ಕತ್ತರಿಸುವ ಕೆಲಸ ಕೇಳಿ ಬಂದರು. ವಯಸ್ಸು ಕೇಳಿ, ತಿಳಿಸುತ್ತೇವೆ ಅಂದರಂತೆ. ತಿಳಿಸುತ್ತೇವೆ ಎಂದರೆ ಏನೆಂದು ಮನೆಯಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಸೊಸೆ ಕಾರ್ಖಾನೆಯ ಸೂಪರ್‌ವೈಸರಿಗೆ ಫೋನು ಮಾಡಿದಳು. ಅವಳ ಹಳೆಯ ಮಷೀನಿನಲ್ಲಿ ಈಗ ಬೇರೆಯವಳಿದ್ದಾಳೆ, ಕತ್ತರಿಸುವ ವಿಭಾಗದಲ್ಲಿ ಜಾಗವಿದೆ, ಸೋಮವಾರ ಬರಬಹುದು ಎಂದಳು ಸೂಪರ್‌ವೈಸರ್. ಧೂಳು ಅತಿಹೆಚ್ಚು ಇರುವುದೇ ಅಲ್ಲಿ. ಬರುತ್ತೇನೆ ಎಂದು ಸೊಸೆ ಒಪ್ಪಿಕೊಂಡಳು. ಕಾರ್ಖಾನೆಗೆ ಕಟ್ಟಿಕೊಂಡು ಹೋಗುತ್ತಿದ್ದ ಹಳೆಯ ತಲೆವಸ್ತ್ರವನ್ನು ಪೆಟ್ಟಿಗೆಯ ತಳದಿಂದ ತೆಗೆದು ಒಗೆದು ಹಿತ್ತಿಲ ತಂತಿಗೆ ಹಾಕಿದಳು. ಅದನ್ನು ಮಾವ ಕಿಟಕಿಯಿಂದ ನೋಡಿದರು.

ಆ ವಾರದಲ್ಲೇ ಟೇಪು ಕಂಪನಿಯ ಹುಡುಗಿ ಫೋನು ಮಾಡಿದ್ದು. ಬಟ್ಟೆಯ ಅಂಚು ಮಡಚಿ, ಒಳಗೆ ಟೇಪು ಇಟ್ಟು, ಮೇಲೆ ಬಿಸಿ ಇಸ್ತ್ರಿ ಎಳೆದರೆ ಆಯಿತು, ಅಂಟಿಕೊಳ್ಳುತ್ತದೆ, ಹೊಲಿಗೆಯೇ ಬೇಡ. ಅದನ್ನು ಇವರ ವಿಡಿಯೊದಲ್ಲಿ ತೋರಿಸಬೇಕು. ಒಂದು ಸಲ ಅಲ್ಲ, ವರ್ಷವಿಡೀ, ಆಗಾಗ. ಕೊಡುವ ದುಡ್ಡು ನಿಂತುಹೋದದ್ದಕ್ಕಿಂತ ಕಡಿಮೆಯಿರಲಿಲ್ಲ. ಒಂದೇ ಕರಾರು. ಬರೀ ಕೈ ಸಾಲದು, ತಾತನ ಮುಖ ಬೇಕು, ತಾತನ ಬಾಯಲ್ಲೇ ಮಾತು ಬೇಕು. ಮಾತನ್ನು ಅವರೇ ಬರೆದು ಕಳಿಸಿದರು: ಜೀವಮಾನವೆಲ್ಲ ಸೂಜಿ ಹಿಡಿದ ಕೈ ಇದು, ಆದರೆ ಈಗ ಅಂಚಿಗೆ ನಾನು ಸೂಜಿ ಮುಟ್ಟೋದಿಲ್ಲ.

ಸೊಸೆ ಅದನ್ನು ಗಂಡನಿಗೆ ಮಾತ್ರ ತೋರಿಸಿದಳು. ಅಪ್ಪನನ್ನು ಕೇಳು ಎಂದ. ನೀವೇ ಕೇಳಿ ಎಂದಳು. ಹೀಗೆ ಇಬ್ಬರೂ ತಳ್ಳಾಡಿಕೊಂಡು ಒಂದೆರಡು ದಿನ ಕಳೆದರು. ಕೊನೆಗೆ ಅತ್ತೆ, ಇವರಿಬ್ಬರ ಗುಸುಗುಸು ಕೇಳಿ ಕೇಳಿ ರೋಸಿ, ಎಲ್ಲರೂ ಕೂತಿದ್ದಾಗ ವಿಷಯವನ್ನು ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲಿ ಇಟ್ಟೇಬಿಟ್ಟಳು.

ಮಾವ ಆ ಎರಡು ಸಾಲನ್ನು ಫೋನಿನಲ್ಲಿ ಓದಿದರು. ಕಂಪನಿ ಕಳಿಸಿದ್ದ ಟೇಪಿನ ಸುರುಳಿ ತರಿಸಿಕೊಂಡು ಉಗುರಿನಿಂದ ಕೆರೆದು ನೋಡಿದರು. ಅವರು ಮೊದಲು ಕೇಳಿದ್ದು ಮಗನನ್ನು.

"ಇದನ್ನ ನಿನ್ನ ಆ ತಡೆ ತಡೆಯುತ್ತಾ?"

"ಇಲ್ಲಪ್ಪ. ಇದು ವಿಡಿಯೊ ಒಳಗೇ ಇರುತ್ತೆ. ನೀವು ಮಾತಾಡೋದರಲ್ಲೇ."

"ಯಾರೂ ಒತ್ತೋದು ಬೇಡ."

"ಬೇಡ."

ಸೊಸೆ ತಡೆದಳು. ಬೇಡ ಎಂದರೆ ಬೇಡ, ಬಲವಂತವಿಲ್ಲ, ಸೋಮವಾರದಿಂದ ನಾನು ಕಾರ್ಖಾನೆಗೆ ಹೋಗುವುದು ಹೇಗೂ ನಿಶ್ಚಯವಾಗಿದೆ ಎಂದಳು. ಮಾವ ಎದ್ದು ಹೋಗಿ ತಮ್ಮದೇ ಒಂದು ಪ್ಯಾಂಟು ತಂದು, ಅಂಚು ಬಿಚ್ಚಿ, ಟೇಪು ಹಾಕಿ ಅಂಟಿಸಿದರು. ಮರುದಿನ ಅದನ್ನು ಒಗೆದರು. ಒಣಗಿಸಿ ಮತ್ತೆ ಒಗೆದರು. ಕೊಳೆಯಿಲ್ಲದ ಪ್ಯಾಂಟನ್ನು ಅವರು ಹೀಗೆ ಒಗೆದು ಒಗೆದು ಹಾಕುತ್ತಿರುವುದನ್ನು ನೋಡಿ ಅತ್ತೆ ಸೋಪಿನ ಬೆಲೆ ನೆನಪಿಸಿದಳು. ಮೂರನೆಯ ಒಗೆತಕ್ಕೆ ಒಂದು ಕಾಲಿನ ಅಂಚು ಬಾಯಿಬಿಟ್ಟಿತು. ಅದನ್ನು ಸೊಸೆಯ ಮುಂದೆ ಹಿಡಿದು, ಅವರಿಗೆ ಹೇಳು ಎಂದರು. ಅವಳು ಹೇಳಿದಳು. ತೊಳೆಯುವುದರ ಬಗ್ಗೆ ಏನೂ ಮಾತಾಡಬೇಡಿ, ಅದು ಬೇಕಿಲ್ಲ ಎಂದಳು ಆ ಹುಡುಗಿ, ಬಹಳ ವಿನಯದಿಂದ.

ಶನಿವಾರ ಮಧ್ಯಾಹ್ನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಕೂತರು. ಯಾರೂ ಕರೆದಿರಲಿಲ್ಲ. ಹಿತ್ತಿಲ ತಂತಿಯ ಮೇಲೆ ತಲೆವಸ್ತ್ರ ಒಣಗಿ ನಾಲ್ಕೈದು ದಿನವಾಗಿತ್ತು. ಸೊಸೆ ಬಾಗಿಲಲ್ಲಿ ನಿಂತು ಅವರನ್ನು ನೋಡಿದಳು.

"ಮಾವ, ನಾನು ಸೂಪರ್‌ವೈಸರಿಗೆ ಮಾತು ಕೊಟ್ಟಾಗಿದೆ."

"ಬರಲ್ಲ ಅಂತ ಹೇಳು. ಕ್ಯಾಮೆರಾ ಎಲ್ಲಿಡ್ತೀಯ?"

"ಇದು ಸುಳ್ಳು ಮಾವ."

"ಗೊತ್ತು. ನಿನ್ನ ಕೆಮ್ಮು ಸುಳ್ಳಲ್ಲವಲ್ಲ. ಬೆಳಕು ಹೋಗೋದ್ರೊಳಗೆ ಮುಗಿಸು."

ಅವಳು ಕ್ಯಾಮೆರಾ ಇಟ್ಟಳು. ಮೊದಲ ಸಲ ಅವರು ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದರು, ಕಟಕಟೆಯಲ್ಲಿ ನಿಂತವರ ಹಾಗೆ. ಕೈ ಮಾತ್ರ ತನ್ನ ಪಾಡಿಗೆ ತಾನು ಚೊಕ್ಕವಾಗಿ ಮಡಚಿತು, ಟೇಪು ಇಟ್ಟಿತು, ಇಸ್ತ್ರಿ ಎಳೆಯಿತು. ಎರಡನೆಯ ಸಲ ಬೀದಿಯಲ್ಲಿ ಕಸದ ಗಾಡಿ ಬಂದು ಕೆಡಿಸಿತು. ಆ ಸದ್ದಿನ ನಡುವೆಯೂ ಅವರು ಕೊನೆಯವರೆಗೆ ಹೇಳಿದರು. ಗಾಡಿ ಹೋದ ಮೇಲೆ ತಾವೇ ಅಂಚನ್ನು ಬಿಚ್ಚಿ, ಹೊಸ ಟೇಪು ಕತ್ತರಿಸಿಕೊಂಡು ಕಾದರು. ಅತ್ತೆ ಒಳಗಿನ ಕುರ್ಚಿಯಿಂದ ನೋಡುತ್ತಿದ್ದವಳು, ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟಳು, ಮತ್ತೆ ಚಿತ್ರೀಕರಣದ ನೆನಪಾಗಿ ನಿಲ್ಲಿಸಿದಳು.

ಸೊಸೆ ಚಿತ್ರೀಕರಿಸಿದ್ದನ್ನು ಓಡಿಸಿ ನೋಡಿದಳು. ಇದು ಹೀಗೇ ಹೋದರೆ ಟೇಪು ಕಂಪನಿಯವರು ಹಿಂದಿರುಗಿಸುತ್ತಾರೆಂದು ಅವಳಿಗೆ ಗೊತ್ತಾಯಿತು. ಸಾಕು ಮಾವ, ನಡೆಯುತ್ತದೆ ಎಂದಳು.

"ನಡೆಯೋದು ಬೇಡ. ಏನು ಸರಿಯಿಲ್ಲ ಹೇಳು."

"ಮುಖ."

"ಮುಖಕ್ಕೇನಾಗಿದೆ?"

"ಸ್ವಲ್ಪ ನಗಬೇಕಂತೆ."

ಮಾವ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಗಿರಾಕಿಯ ಅಳತೆ ಕೇಳುವಾಗ ತಲೆ ಓರೆ ಮಾಡುತ್ತಿದ್ದರಲ್ಲ, ಹಾಗೆ ಓರೆ ಮಾಡಿ ಕೇಳಿದರು.

"ಸೂಜಿ ಮುಟ್ಟೋದಿಲ್ಲ ಅನ್ನೋವಾಗಲೋ, ಅದಕ್ಕೆ ಮುಂಚೆಯೋ?"

"ಅನ್ನೋವಾಗ."

ಅವರು ಮತ್ತೆ ಶುರುಮಾಡಿದರು. ಜೀವಮಾನವೆಲ್ಲ ಸೂಜಿ ಹಿಡಿದ ಕೈ ಇದು ಎಂದು, ಕೈಯನ್ನು ಬೆಳಕಿಗೆ ತೋರಿಸಿದರು. ಆದರೆ ಈಗ ಅಂಚಿಗೆ ನಾನು ಸೂಜಿ ಮುಟ್ಟೋದಿಲ್ಲ ಎನ್ನುವಾಗ, ಸರಿಯಾಗಿ ಅಲ್ಲೇ, ನಕ್ಕರು. ಚೆನ್ನಾಗಿಯೇ ಬಂತು.